ಗ್ಯಾರೇಜಿನ ಕನ್ನಡ

ಕಾಸರಗೋಡಿನ ಕನ್ನಡದ ಕುರಿತು ಮಾತು ಬಂದಾಗಲೆಲ್ಲ 1956ರ ನವೆಂಬರ್ 1, ಮಹಾಜನ ಆಯೋಗದ ವರದಿ, ಚಂದ್ರಗಿರಿ ಹೊಳೆ, ಕನ್ನಡ ಶಾಲೆ, ಸರಕಾರಿ ಆದೇಶ ಇವು ತಪ್ಪದೆ ಬರುತ್ತವೆ. ಬರಬೇಕಾದವೇ ಸರಿ. ಆದರೆ ಭಾಷೆಯ ಆಯುಸ್ಸನ್ನು ಆದೇಶಪತ್ರಗಳಷ್ಟೇ ನಿರ್ಧರಿಸುವುದಿಲ್ಲ. ದುಡಿಯುವ ಕೈಗಳ ನಡುವೆ ಅದು ಎಷ್ಟು ಓಡಾಡುತ್ತದೆ ಎಂಬುದೂ ನಿರ್ಧರಿಸುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಾಗಳ ಗ್ಯಾರೇಜುಗಳತ್ತ ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಕಿವಿಗೊಡಬೇಕಾದುದು ಇದೇ ಕಾರಣಕ್ಕೆ.

ಗಾಡಿಯ ಅಚ್ಚಿನ ಬೇರಿಂಗನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮಳೆಗಾಲದ ಕೆಸರುನೀರು ಸೀಲು ದಾಟಿ ಒಳಹೊಕ್ಕರೆ ಗ್ರೀಸು ಕೆಡುತ್ತದೆ, ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಚಕ್ರ ತಿರುಗುವಾಗ ಗುಂಯ್ ಎಂಬ ಸದ್ದು ಏಳುತ್ತದೆ. ಅದನ್ನು ಕಳಚಲು ಕಂಪನಿಗಳು ಮಾಡುವ ವಿಶೇಷ ಉಪಕರಣಗಳು ಸಣ್ಣ ಗ್ಯಾರೇಜಿನ ಕೈಗೆಟುಕುವ ಬೆಲೆಯವಲ್ಲ. ಆಗ ಮೇಸ್ತ್ರಿ ದಪ್ಪ ಕಬ್ಬಿಣದ ಪಟ್ಟಿಗೆ ತೂತು ಕೊರೆದು, ತಿರುಪುಳ್ಳ ಎರಡು ಸರಳು ತೂರಿಸಿ, ನಟ್ಟುಗಳನ್ನು ಸಮಸಮನಾಗಿ ಬಿಗಿಯುತ್ತ ಬೇರಿಂಗನ್ನು ಎಳೆದು ತೆಗೆಯುತ್ತಾನೆ. ಸವೆದುಹೋದ ಹೊರಬಳೆಯನ್ನು ಎಸೆಯದೆ, ಅದನ್ನು ಒಂದೆಡೆ ಸೀಳಿ, ಹೊಸ ಬಳೆಯನ್ನು ಒಳಗೆ ಕೂರಿಸುವ ಸಾಧನವಾಗಿ ಬಳಸುತ್ತಾನೆ. ಹಳೆಯ ಬಳೆ ಕದಲದಿದ್ದರೆ ಅದರ ಒಳಮೈಗೆ ವೆಲ್ಡಿಂಗಿನ ಒಂದು ಗೆರೆ ಹಾಕುವುದುಂಟು. ಆರುವಾಗ ಬಳೆ ಕುಗ್ಗಿ ತಾನಾಗಿ ಸಡಿಲಗೊಳ್ಳುತ್ತದೆ.

ಇದರ ಹಿಂದೆ ಕಟ್ಟುನಿಟ್ಟಾದ ನಿಯಮವಿದೆ. ಅಚ್ಚಿನ ಮೇಲೆ ಬಿಗಿಯಾಗಿ ಕೂರುವುದಾದರೆ ಹೊಡೆತ ಒಳಬಳೆಗೆ ಬೀಳಬೇಕು. ಚಕ್ರದ ಗುಂಬದೊಳಗೆ ಕೂರುವುದಾದರೆ ಹೊರಬಳೆಗೆ. ನಡುವಿನ ಗುಂಡುಗಳ ಮೂಲಕ ಹೊಡೆತ ದಾಟಿದರೆ ಹೊಸ ಬೇರಿಂಗೂ ಕೂರಿಸುವಾಗಲೇ ಗಾಯಗೊಳ್ಳುತ್ತದೆ. ಬೇರಿಂಗಿನ ಸಂಖ್ಯೆಗೂ ವ್ಯಾಕರಣವಿದೆ. 6204 ಎಂಬಲ್ಲಿ ಕೊನೆಯ 04ನ್ನು 5ರಿಂದ ಗುಣಿಸಿದರೆ ಒಳವ್ಯಾಸ 20 ಮಿ.ಮೀ.; 6205 ಆದರೆ 25. ಮೊದಲ 6 ಅದು ಒಂದು ಸಾಲಿನ ಗುಂಡುಗಳ ಬೇರಿಂಗೆಂದು ಸಾರುತ್ತದೆ. ಪ್ರಕೃತಿ, ಪ್ರತ್ಯಯಗಳನ್ನು ಬಿಡಿಸಿ ಅರ್ಥ ಹೇಳುವವರಿಗೆ ಈ ಓದು ಅಪರಿಚಿತವೆನಿಸಲಾರದು.

ಈ ಕೆಲಸದ ಮಾತಿನಲ್ಲಿ ನಾಮಪದಗಳು ಬಹುಮಟ್ಟಿಗೆ ಕಡಲಾಚೆಯಿಂದ ಬಂದವು: ಬೇರಿಂಗ್, ನಟ್ಟು, ಸೀಲು, ಗ್ರೀಸು. ಕ್ರಿಯಾಪದಗಳು ಮಾತ್ರ ಮನೆಯವು: ಕಳಚು, ಬಿಗಿ, ಸಡಿಲಿಸು, ಜಡಿ, ಕೂರಿಸು, ಕೀಳು. ಅಚ್ಚು ಎಂಬ ಪದವಂತೂ ಈ ನೆಲದ ಚರಿತ್ರೆಯನ್ನೇ ಹೇಳುತ್ತದೆ. ಸಂಸ್ಕೃತದ ‘ಅಕ್ಷ’ವೇ ಕನ್ನಡದಲ್ಲಿ ‘ಅಚ್ಚು’, ಮಲೆಯಾಳದಲ್ಲಿ ‘ಅಚ್ಚುತಂಡ್’, ಮರಾಠಿಯಲ್ಲಿ ‘ಆಸ’. ಎತ್ತಿನ ಗಾಡಿಯ ಕಾಲದ ಗುಂಬ, ಕಡಾಣಿ, ಕೀಲೆಣ್ಣೆಗಳು ಗಾಡಿಯೊಂದಿಗೇ ಮರೆಯಾಗುತ್ತಿವೆ. ಗ್ರೀಸಿನ ಡಬ್ಬಿಯ ಮುಂದೆ ‘ಕೀಲೆಣ್ಣೆ’ ಎಂಬ ಮಾತು ನೆನಪಾಗದಿದ್ದರೆ ಅದು ಮೇಸ್ತ್ರಿಯ ತಪ್ಪಲ್ಲ. ಅದನ್ನು ಕಾವ್ಯದ ಟಿಪ್ಪಣಿಯಲ್ಲಿ ಓದಿ ಅಲ್ಲಿಯೇ ಬಿಟ್ಟುಬಂದವರ ತಪ್ಪು.

ಹಾಗೆಂದು ಎಲ್ಲ ಆಂಗ್ಲಪದಗಳನ್ನೂ ಕಿತ್ತೆಸೆಯಬೇಕೆಂಬ ವಾದವೂ ನಿಲ್ಲುವುದಿಲ್ಲ. ಹದಿನೇಳನೆಯ ಶತಮಾನದಲ್ಲಿ ಶಿವಾಜಿಯ ಆಶಯದಂತೆ ರಚಿತವಾದ ‘ರಾಜ್ಯವ್ಯವಹಾರಕೋಶ’ವು ಆಡಳಿತದ ಪಾರಸಿ ಪದಗಳಿಗೆ ಸಂಸ್ಕೃತ ಪದಗಳನ್ನು ಕೊಟ್ಟಿತು. ಆದರೂ ಸರಕಾರ, ಅರ್ಜಿಯಂಥ ಮಾತುಗಳು ಮರಾಠಿಯಲ್ಲೂ ಕನ್ನಡದಲ್ಲೂ ಉಳಿದವು. ಪದವನ್ನು ಉಳಿಸುವುದು ಕೋಶವಲ್ಲ, ಬಳಕೆ. ಮನೆಯಲ್ಲೇ ಮಾಡಿದ ಉಪಕರಣಕ್ಕೂ ಇದೇ ಪರೀಕ್ಷೆ. ಸ್ವಂತ ಕೈಯದೆಂಬ ಹೆಮ್ಮೆಯೊಂದೇ ಸಾಲದು. ಅಳತೆ ತಪ್ಪಿದ ಉಪಕರಣ ಅಚ್ಚನ್ನೇ ಕೆಡಿಸುತ್ತದೆ. ಗಡಸು ಉಕ್ಕಿನ ಬಳೆಗೆ ಸುತ್ತಿಗೆಯಿಂದ ನೇರವಾಗಿ ಬಡಿದರೆ ಚೂರು ಸಿಡಿದು ಕಣ್ಣಿಗೆ ಬೀಳಬಹುದು. ಮೇಜಿನ ಮುಂದೆ ಕುಳಿತು ಟಂಕಿಸಿದ ಪದಕ್ಕೆ ಅಂಥ ಅಪಾಯವಿಲ್ಲವಾದರೂ ಅದೂ ಕೈಗೆ ಹೊಂದಬೇಕು. ಹೊಂದದಿದ್ದರೆ ಯಾರೂ ಅದನ್ನು ಎತ್ತಿಕೊಳ್ಳುವುದಿಲ್ಲ.

ದಾರಿ ಹೊಸದೇನಲ್ಲ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಬೇಸಾಯಗಾರರಿಂದ ಸಂಗ್ರಹಿಸಿದ ಪದಗಳ ವೃತ್ತಿಪದಕೋಶವನ್ನು 1962ರಲ್ಲಿ ಹೊರತಂದರು. ತುಳುವಿಗೆ ಆರು ಸಂಪುಟಗಳ ನಿಘಂಟನ್ನು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಕೊಟ್ಟಿದೆ. ಸಪ್ತಭಾಷೆಗಳ ಈ ಜಿಲ್ಲೆಯ ಗ್ಯಾರೇಜಿನಲ್ಲಿ ಬರೀ ಕನ್ನಡವನ್ನೇ ಹುಡುಕುವವನು ಬೇಗ ನಿರಾಶನಾಗುತ್ತಾನೆ. ತುಳು, ಮಲೆಯಾಳ, ಬ್ಯಾರಿ ಮಾತುಗಳ ನಡುವೆಯೇ ಕನ್ನಡ ಅಲ್ಲಿ ಕೆಲಸ ಮಾಡುತ್ತದೆ. ಕೇಳಿದುದನ್ನು ಕೇಳಿದಂತೆ ಬರೆದುಕೊಳ್ಳುವುದೇ ಮೊದಲ ಪಾಠ.

ಐಚ್ಛಿಕ ಕನ್ನಡ ಓದಿ ಏನು ಮಾಡುವುದೆಂಬ ಪ್ರಶ್ನೆಯನ್ನು ಎದುರಿಸದ ವಿದ್ಯಾರ್ಥಿ ಈ ಜಿಲ್ಲೆಯಲ್ಲಿ ವಿರಳ. ಹಲವು ಉತ್ತರಗಳಲ್ಲಿ ಇದೂ ಒಂದು: ಗ್ಯಾರೇಜಿನ ಒಂದು ಉಪಕರಣ, ಅದರ ಚಿತ್ರ, ಅಳತೆ, ಮಾಡುವ ಬಗೆ, ಅದನ್ನು ಮೇಸ್ತ್ರಿ ಕರೆಯುವ ಹೆಸರು, ಬಳಸುವಾಗ ಆಡುವ ಕ್ರಿಯಾಪದ ಇಷ್ಟನ್ನು ಒಂದು ಪುಟದಲ್ಲಿ ಬರೆಯುವುದು. ಸುದ್ದಿಪತ್ರದ ಪ್ರತಿ ಸಂಚಿಕೆಯಲ್ಲೂ ಅಂಥ ಒಂದು ಪುಟ ಬಂದರೆ, ಮೂರು ವರ್ಷ ಕಳೆಯುವಷ್ಟರಲ್ಲಿ ಮುಂದಿನ ತಂಡದ ಕೈಯಲ್ಲಿ ಚಿಕ್ಕದೊಂದು ಪದಕೋಶವಿರುತ್ತದೆ.