ಮಾತು ಮಾತ್ರ ಬಲ್ಲ ಯಂತ್ರ

ಶಬ್ದವು ಆಕಾಶದ ಗುಣವೆಂದು ತಾರ್ಕಿಕರು ಹೇಳುವರು. ಬಾಲ್ಯದಲ್ಲಿ ಕಂಠಪಾಠ ಮಾಡಿದ ಈ ಸಿದ್ಧಾಂತವು, ಸರಕಾರದವರು ಆಕಾಶದ ತರಂಗಗಳನ್ನು ಪಾಲುಮಾಡಿ ಹರಾಜಿಗಿಡುವ ಈ ಕಾಲದಲ್ಲಿ, ಇಷ್ಟು ಲೌಕಿಕವಾದ ಅರ್ಥವನ್ನು ತಾಳೀತೆಂದು ನಾವು ಎಣಿಸಿರಲಿಲ್ಲ. ನಮ್ಮ ದೋರನಹಳ್ಳಿಯಲ್ಲಿ ನಡೆದ ಸಣ್ಣ ಸಂಗತಿಯೊಂದು ಅದನ್ನು ನೆನಪಿಗೆ ತಂದಿತು.

ನಮ್ಮ ನೆರೆಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರಿರುವರು. ಮಗನು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿರುವನು. ಯಾದಗಿರಿ ಸೀಮೆಯ ಎಷ್ಟೋ ಮನೆಗಳ ಸ್ಥಿತಿಯೇ ಇದು. ಆ ತಾಯಿಯ ಬಳಿ ಹಳೆಯ ಬಟನ್ ಫೋನೊಂದುಂಟು. ಅದರಲ್ಲಿ ಮಾತುಂಟು, ಒಂದು ಬ್ಯಾಟರಿ ದೀಪವುಂಟು, ಮತ್ತೇನೂ ಇಲ್ಲ. ಅಕ್ಷರ ಬಾರದ ಅವರು ಹಸಿರು ಗುಂಡಿ, ಕೆಂಪು ಗುಂಡಿ ಎರಡನ್ನೇ ಬಲ್ಲರು. ರಾತ್ರಿ ಎಂಟು ಗಂಟೆಗೆ ಮಗನು ಒಂದು ಮಿಸ್‌ಕಾಲು ಕೊಡುವನು. ಗಂಟೆ ಬಾರಿಸಿತೆಂದರೆ ಮಗನು ಉಂಡು ಸುಖವಾಗಿರುವನೆಂದರ್ಥ. ಒಂದೊಂದು ಕರೆಗೂ ದುಡ್ಡು ತೆರುತ್ತಿದ್ದ ದಿನಗಳ ಪದ್ಧತಿಯಿದು. ದರ ಇಳಿದರೂ ಪದ್ಧತಿ ಉಳಿದಿದೆ.

ಬೇರೊಂದು ಕಂಪನಿಯಲ್ಲಿ ದರ ಕಡಿಮೆಯೆಂದು ಯಾರೋ ಅವರಿಗೆ ಹೇಳಿದರು. ನಂಬರು ಅದೇ ಉಳಿಯುವುದಾದರೆ ಬಾಧಕವೇನೆಂದು ನಾವು ಪಾಂಡಿತ್ಯದಿಂದ ಒಪ್ಪಿಗೆ ಕೊಟ್ಟು, ನಾವೇ ಜೊತೆಗೆ ಶಹಾಪುರಕ್ಕೆ ಹೋಗಿ ಹೊಸ ಸಿಮ್ಮು ಕೊಡಿಸಿದೆವು. ಹಳೆಯ ಸಿಮ್ಮು ನಿಂತ ದಿನ ಹೊಸದನ್ನು ಹಾಕಿದುದಾಯಿತು. ಎಂಟು ಗಂಟೆಯಾಯಿತು, ಸದ್ದಿಲ್ಲ. ಚಾಲೂ ಆಗಲು ಒಂದೆರಡು ದಿನ ಹಿಡಿಯುವುದೆಂದು ಸಮಾಧಾನ ಹೇಳಿದೆವು. ಮೂರನೆಯ ಬೆಳಿಗ್ಗೆ ಆ ತಾಯಿ ನಮ್ಮ ಕಟ್ಟೆಗೆ ಬಂದು, "ಮಾಸ್ತರ್ರೀ, ಮಗಂದು ಗಂಟಿನೇ ಬರವಲ್ದು. ಹೆಂಗ ಅದಾನೋ ಏನೋ" ಎಂದು ಕಣ್ಣೀರಿಟ್ಟರು. ನಮ್ಮ ಫೋನಿನಿಂದ ಕರೆದೆವು. ತಾಯಿಗೇನಾಯಿತೋ ಎಂದು ಗಾಬರಿಗೊಂಡ ಮಗನು ಅದಾಗಲೇ ಕೆಲಸ ಬಿಟ್ಟು ಯಾದಗಿರಿಯ ರೈಲು ಹತ್ತಿದ್ದನು.

ಫೋನು ಕೆಟ್ಟಿರಲಿಲ್ಲ, ಸಿಮ್ಮೂ ಕೆಟ್ಟಿರಲಿಲ್ಲ. ಹೊಸ ಜಾಲದಲ್ಲಿ ಆ ಫೋನು ಬಲ್ಲ ಎರಡನೆಯ ಪೀಳಿಗೆಯ, ಎಂದರೆ 2ಜಿಯ, ತರಂಗವೇ ಇರಲಿಲ್ಲ. ವಿಚಾರಿಸದೆ ಒಪ್ಪಿದ ದೋಷವು ನಮ್ಮದು. ಹಳೆಯ ಏರ್ಪಾಟಿನಲ್ಲಿ ಕರೆಯೊಂದು ಆರಂಭವಾದರೆ ಮುಗಿಯುವವರೆಗೂ ತರಂಗದ ಒಂದು ಪಾಲನ್ನು ಆ ಮಾತಿಗೆಂದೇ ಮೀಸಲಿಡುವರು. ನಾಲ್ಕನೆಯ ಪೀಳಿಗೆಯಲ್ಲಿ ಮೀಸಲೆಂಬುದಿಲ್ಲ. ಅಲ್ಲಿ ಮಾತನ್ನೂ ಚಿತ್ರದಂತೆ, ಲೆಕ್ಕಪತ್ರದಂತೆ ತುಣುಕು ತುಣುಕಾಗಿಸಿ, ಒಂದೊಂದಕ್ಕೂ ವಿಳಾಸ ಬರೆದು, ಎಲ್ಲ ಸಾಮಾನುಗಳೊಡನೆ ಸಾಗಿಸುವರು. ವೋಲ್ಟಿ ಎಂಬ ಈ ವಿದ್ಯೆಯನ್ನರಿಯದ ಫೋನು, ಗೋಪುರದ ಬುಡದಲ್ಲಿ ನಿಂತರೂ ಮೂಕವೇ ಸರಿ.

ಭಾರತದಲ್ಲಿ ಮೊದಲ ಮೊಬೈಲು ಕರೆ ನಡೆದುದು 1995ರ ಜುಲೈ 31ರಂದು. ಕಲಕತ್ತೆಯಿಂದ ಜ್ಯೋತಿ ಬಸು, ದಿಲ್ಲಿಯಲ್ಲಿ ಕೇಂದ್ರಮಂತ್ರಿ ಸುಖರಾಂ. ಸರಿಯಾಗಿ 25 ವರ್ಷಗಳ ತರುವಾಯ, 2020ರ ಅದೇ ದಿನ, ಉದ್ಯಮಿ ಮುಕೇಶ ಅಂಬಾನಿಯವರು 2ಜಿಯನ್ನು ಇತಿಹಾಸಕ್ಕೆ ಸೇರಿಸಬೇಕೆಂದು ಕರೆಯಿತ್ತರು. ಅದನ್ನು ನೆಚ್ಚಿದವರು ಆಗ 30 ಕೋಟಿಯೆಂಬುದು ಅವರದೇ ಲೆಕ್ಕ. ನಮ್ಮಲ್ಲೊಂದು ವಿಚಿತ್ರವುಂಟು: ಅಣ್ಣನಿಗಿಂತ ಮೊದಲು ತಮ್ಮನು ತೀರಿಕೊಂಡನು. ಏರ್ಟೆಲ್ ಕಂಪನಿಯು 2019ರಿಂದ ಮೂರನೆಯ ಪೀಳಿಗೆಯನ್ನು ನಿಲ್ಲಿಸುತ್ತ ಬಂದಿತು, ಎರಡನೆಯದನ್ನು ಉಳಿಸಿಕೊಂಡಿತು. ಬಟನ್ ಫೋನಿನವರ ಸಂಖ್ಯೆಯೇ ಅದಕ್ಕೆ ರಕ್ಷೆಯಾಯಿತು. ಸಿಂಗಾಪುರ, ತೈವಾನ್ ದೇಶಗಳಲ್ಲಾದರೋ 2017ರಲ್ಲಿಯೇ 2ಜಿ ಅಸ್ತಂಗತವಾಯಿತು. ಆಸ್ಟ್ರೇಲಿಯದವರು 2024ರ ಅಕ್ಟೋಬರಿನಲ್ಲಿ 3ಜಿಯನ್ನು ಮುಚ್ಚುವಾಗ, ಹೊಸ ಜಾಲದಿಂದ ತುರ್ತು ಕರೆ ಮಾಡಲಾರದ ಫೋನುಗಳನ್ನು ಜಾಲದಿಂದಲೇ ಹೊರಗಿಟ್ಟರು. ಆಪತ್ಕಾಲದಲ್ಲಿ ಕೈಕೊಡುವ ಯಂತ್ರವನ್ನು ನಂಬಿ ಯಾರೂ ಕೂರಬಾರದೆಂಬುದು ಅವರ ವಿಚಾರ. ಕಠೋರವಾದರೂ ಪ್ರಾಮಾಣಿಕವಾದ ಕ್ರಮವೆಂದು ನಮಗೆ ತೋರುವುದು.

ಹೊಸ ವಿದ್ಯೆಯನ್ನು ನಾವು ದೂಷಿಸುವವರಲ್ಲ. ಅಷ್ಟೇ ತರಂಗದಲ್ಲಿ ಅದು ಹಲವು ಪಟ್ಟು ಹೆಚ್ಚು ಹೊರೆ ಹೊರುವುದು. ಹಳೆಯದಕ್ಕೆಂದು ಆಕಾಶವನ್ನು ಬೀಳುಬಿಡುವುದು ಯಾರಿಗೂ ಲಾಭವಲ್ಲ. ಆದರೆ ಬದಲಾವಣೆಯ ವೆಚ್ಚವನ್ನು ತೆರುವವರಾರು? ಗುಂಡಿಗಳಿರುವ 4ಜಿ ಫೋನೊಂದು 2023ರಲ್ಲಿ 999 ರೂಪಾಯಿಗೆ ಪೇಟೆಗೆ ಬಂದಿತ್ತು. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಮೂರು ದಿನ ಬಿಸಿಲಿನಲ್ಲಿ ಬಗ್ಗಿದರೆ ಒಂದು ಫೋನು! ಮಾತು ಮಾತ್ರ ಬೇಕೆನ್ನುವವರಿಗೆ ಇಂಟರ್ನೆಟ್ಟಿನ ದುಡ್ಡನ್ನು ಹೇರಬಾರದೆಂದು ಟ್ರಾಯ್ ಸಂಸ್ಥೆಯು 2024ರ ಡಿಸೆಂಬರಿನಲ್ಲಿ ವಿಧಿಸಿ, ಮಾತು ಮತ್ತು ಸಂದೇಶಗಳಷ್ಟೇ ಇರುವ ರೀಚಾರ್ಜನ್ನು ಕಡ್ಡಾಯಗೊಳಿಸಿತು. ಅಂಗಡಿಯವರು ತಾವಾಗಿ ಹೇಳದಿದ್ದರೆ ಗೃಹಿಣಿಯರು ಕೇಳಿ ಪಡೆಯತಕ್ಕದ್ದು. ಜಾಲವನ್ನು ನಿಲ್ಲಿಸುವ ದಿನ ಬಂದರೆ, ಅಕ್ಷರ ಬಾರದವರ ಕಿವಿಗೂ ತಲಪುವಂತೆ ತಿಂಗಳುಗಟ್ಟಲೆ ಮೊದಲೇ ಡಂಗುರ ಸಾರಬೇಕು. ಹಳೆಯ ಫೋನಿಗೆ ಬದಲಾಗಿ ಹೊಸದನ್ನು ಸುಲಭ ಬೆಲೆಗೆ ಕೊಡಬೇಕು. ಮನೆಯಲ್ಲಿ ವೃದ್ಧರಿದ್ದವರು ಕಂಪನಿ ಬದಲಿಸುವ ಮುನ್ನ, ಇರುವ ಫೋನಿನಲ್ಲಿ 4ಜಿಯೂ ವೋಲ್ಟಿಯೂ ಉಂಟೇ ಎಂದು ಕೇಳಿಕೊಳ್ಳಲಿ. ನಾವು ಕೇಳಲಿಲ್ಲ.

ಮಗನು ಬಂದನು. ಎರಡು ದಿನದ ಕೂಲಿ ಹೋಗಿತ್ತು. ಹಳೆಯ ಕಂಪನಿಗೇ ಮರಳೋಣವೆಂದರೆ, ಅದೇ ನಂಬರನ್ನು ಮತ್ತೆ ಬದಲಿಸಲು 90 ದಿನ ಕಾಯಬೇಕೆಂಬುದು ನಿಯಮ. ಹೊಸ ಫೋನಿನ ಬೆಲೆಯಲ್ಲಿ ಅರ್ಧವನ್ನು ನಾವು ಕೊಡಲು ಹೋದೆವು, ಅವನು ಮುಟ್ಟಲಿಲ್ಲ. "ನೀವರೆ ಏನ ಮಾಡ್ತೀರಿ ಸರ, ನಿಮಗೂ ಗೊತ್ತಿರಲಿಲ್ಲ" ಎಂದನು. ಈಗ ಎಂಟು ಗಂಟೆಗೆ ನೆರೆಮನೆಯಲ್ಲಿ ಗಂಟೆ ಬಾರಿಸುವುದು ನಮಗೂ ಕೇಳಿಸುತ್ತದೆ. ಹಳೆಯ ಫೋನನ್ನು ಆ ತಾಯಿ ಎಸೆದಿಲ್ಲ. ಗೂಡಿನಲ್ಲಿಟ್ಟಿರುವರು, ರಾತ್ರಿ ಹಿತ್ತಲಿಗೆ ಹೋಗುವಾಗ ಅದರ ದೀಪವನ್ನೇ ಹಿಡಿದುಕೊಳ್ಳುವರು.