ಉತ್ತರ ಸರಿ, ಕಾರಣ ತಪ್ಪು

ನಮ್ಮ ಕನ್ನಡ ಉಪನ್ಯಾಸಕರು ಪ್ರತಿ ಸೋಮವಾರ ಸೂಚನಾ ಫಲಕದಲ್ಲಿ ತಾವೇ ರಚಿಸಿದ ಪದಬಂಧವೊಂದನ್ನು ಅಂಟಿಸುತ್ತಾರೆ. ಬರೀ ಅರ್ಥ ಕೇಳುವ ಪದಬಂಧವಲ್ಲ ಅದು, ಸುಳಿವಿನೊಳಗೇ ಒಗಟು ಇರುತ್ತದೆ. ‘ಕೋತಿ ತಿರುಗಿ ಕೂತರೆ ಕೋಗಿಲೆ (2)’ ಎಂದರೆ ಕಪಿಯನ್ನು ಹಿಂದಿನಿಂದ ಓದಬೇಕು: ಪಿಕ. ‘ಎತ್ತಲಿಂದ ಓದಿದರೂ ಚಿನ್ನ (3)’ ಎಂದರೆ ಕನಕ. ಆವರಣದಲ್ಲಿರುವುದು ಮನೆಗಳ ಲೆಕ್ಕ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲ ಸೇರಿ ಒಂದು ಅಕ್ಷರಕ್ಕೆ ಒಂದು ಮನೆ.

ಉತ್ತರ ಬರುವುದು ಮುಂದಿನ ಸೋಮವಾರ. ಅಲ್ಲಿಯವರೆಗೆ ಫಲಕದ ಮುಂದೆ ವಾದವೋ ವಾದ. ಈ ವಾದದ ಬಗ್ಗೆಯೇ ನಾನು ಎರಡು ಮಾತು ಹೇಳಬೇಕು.

ಕಳೆದ ತಿಂಗಳು ಒಂದು ಸುಳಿವು ಬಂತು: ‘ಭೂಮಿ ಹೊತ್ತವನ ಲೆಕ್ಕದಲ್ಲಿ ಉಳಿದದ್ದು (2)’. ನಾನು ಕಾಮರ್ಸ್ ವಿದ್ಯಾರ್ಥಿನಿ. ‘ಲೆಕ್ಕ’, ‘ಉಳಿದದ್ದು’ ಎರಡು ಪದ ಕಂಡ ಕೂಡಲೇ ‘ಬಾಕಿ’ ಎಂದೆ. ಗೆಳತಿ ‘ಶೇಷ’ ಎಂದಳು. ಯಾಕೆ ಎಂದು ಕೇಳಿದೆ. “ಬಾಕಿ ನಿಮ್ಮ ಉರ್ದು ಪದ ಕಣೇ, ಕನ್ನಡ ಪದಬಂಧದಲ್ಲಿ ಬರಲ್ಲ” ಎಂದಳು. ಅವಳ ಮಾತಿನಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಆದರೂ ನಾನು ಆ ವಾರವೆಲ್ಲ ಫಲಕದ ಹತ್ತಿರ ಹೋಗಲಿಲ್ಲ.

ಸೋಮವಾರ ಉತ್ತರ ಬಂತು: ಶೇಷ. ಭಾಗಾಕಾರದಲ್ಲಿ ಉಳಿಯುವುದೂ ಶೇಷ, ಭೂಮಿ ಹೊತ್ತ ಆದಿಶೇಷನೂ ಶೇಷ. ನಾನು ಸುಳಿವಿನ ಅರ್ಧವನ್ನಷ್ಟೇ ಓದಿದ್ದೆ. ನನ್ನ ಉತ್ತರ ತಪ್ಪು, ಒಪ್ಪುತ್ತೇನೆ. ಅವಳ ಉತ್ತರ ಸರಿ. ಆದರೆ ಅವಳು ಕೊಟ್ಟ ಕಾರಣ?

ಬಾಕಿ ಅರಬ್ಬಿಯಿಂದ ಬಂದದ್ದು ನಿಜ. ಶೇಷ ಬಂದದ್ದು ಸಂಸ್ಕೃತದಿಂದ. ಅಚ್ಚಗನ್ನಡವೇ ಬೇಕೆಂದರೆ ‘ಉಳಿಕೆ’ ಇದೆ, ಅದಕ್ಕೆ ಮೂರು ಮನೆ ಬೇಕು! ಜಮಾ, ಖರ್ಚು, ವಸೂಲಿ, ರಸೀದಿ ಇವನ್ನೆಲ್ಲ ಉರ್ದು ಎಂದು ಹೊರಗಿಟ್ಟರೆ ಲೆಕ್ಕದ ಪುಸ್ತಕ ಬರೆಯುವುದು ಹೇಗೆ? ಉರ್ದುವಿನ ಒಂದು ಅಕ್ಷರವೂ ಬಾರದ ನಮ್ಮ ಬೀದಿಯ ಅಂಗಡಿಯಣ್ಣ ಸಾಲದ ಪುಸ್ತಕದಲ್ಲಿ ಬರೆಯುವುದು ‘ಬಾಕಿ’ ಎಂದೇ. 1807ರಲ್ಲಿ ನಮ್ಮ ಯಳಂದೂರನ್ನು ದಿವಾನ್ ಪೂರ್ಣಯ್ಯನವರಿಗೆ ಕೊಟ್ಟದ್ದು ಜಹಗೀರಾಗಿ. ದಿವಾನ್, ಜಹಗೀರು ಎರಡೂ ಪಾರ್ಸಿ ಮೂಲದ ಪದಗಳು. ಅವನ್ನು ಬಿಟ್ಟು ನಮ್ಮ ತಾಲ್ಲೂಕಿನ ಚರಿತ್ರೆ ಹೇಳಲಾಗದು.

ಅಷ್ಟೇಕೆ, ಪದಬಂಧವೇ ಹೊರಗಿನಿಂದ ಬಂದದ್ದು. 1913ರ ಡಿಸೆಂಬರ್‌ನಲ್ಲಿ ಆರ್ಥರ್ ವಿನ್ ಎಂಬವರು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅದನ್ನು ಆರಂಭಿಸಿದರು. ಇವತ್ತು ಅದು ಕನ್ನಡದ್ದೇ ಆಗಿದೆ. ಕೋಲಾರ ಜಿಲ್ಲೆಯ ಅ.ನಾ. ಪ್ರಹ್ಲಾದರಾವ್ ಅವರು ಕನ್ನಡದಲ್ಲಿ ಸಾವಿರಾರು ಪದಬಂಧ ರಚಿಸಿ ಲಿಮ್ಕಾ ದಾಖಲೆಗೆ ಸೇರಿದ್ದಾರೆ.

ನನ್ನ ಅಭಿಪ್ರಾಯ ಇಷ್ಟೇ. ವಾದ ಸುಳಿವಿನ ಮೇಲೆ ನಡೆಯಲಿ, ಪದ ಯಾರ ಮನೆಯದು ಎಂಬುದರ ಮೇಲೆ ಬೇಡ. “ಭೂಮಿ ಹೊತ್ತವನು ಎಲ್ಲಿ ಹೋದ?” ಎಂದು ಗೆಳತಿ ಕೇಳಿದ್ದರೆ ನಾನು ನಕ್ಕು ಸೋಲುತ್ತಿದ್ದೆ. ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳದೆ ಮುನಿಸಿಕೊಂಡು ಹೋದದ್ದು ನನ್ನ ತಪ್ಪು. ಮನೆಯಲ್ಲಿ ಉರ್ದು ಮಾತಾಡುವ ನಾವು ಹಲವರು ‘ನಮ್ಮ ಕನ್ನಡ ಸರಿಯಿಲ್ಲವೇನೋ’ ಎಂದು ಹಿಂದೆ ನಿಲ್ಲುತ್ತೇವೆ. ಹಾಗೆ ನಿಂತರೆ ಕಲಿಯುವುದು ಯಾವಾಗ? ತಪ್ಪು ಉತ್ತರವನ್ನಾದರೂ ಜೋರಾಗಿ ಹೇಳೋಣ.

ಉಪನ್ಯಾಸಕರಲ್ಲಿ ಒಂದು ವಿನಂತಿ. ಸೋಮವಾರ ಉತ್ತರದ ಜೊತೆ ಅದು ಯಾಕೆ ಸರಿ ಎಂದು ಒಂದು ಸಾಲು ಬರೆಯಿರಿ ಸರ್. ಉತ್ತರ ಗೊತ್ತಾದವರಿಗೂ ಕೆಲವೊಮ್ಮೆ ಕಾರಣ ಗೊತ್ತಿರುವುದಿಲ್ಲ.

ಗೆಳತಿಗೆ ನನ್ನದೊಂದು ಸುಳಿವು: ‘ಹೊಸದು ತಿರುಗಿದರೆ ಕಾಡು (2)’. ಉತ್ತರ ಫಲಕದ ಮುಂದೆ ಹೇಳು, ಕಾರಣದ ಸಮೇತ.