ಬೀಳು ಜಮೀನಿನ ಕಳೆ ಯಾರ ಹೊಣೆ?

ಪಾರ್ಥೇನಿಯಂ ಹಾನಿಕಾರಕ ಕಳೆಯೆಂದು ಕರ್ನಾಟಕ ಸರ್ಕಾರ ಕಾಯ್ದೆಯಡಿ ಘೋಷಿಸಿದ್ದು 1975ರಲ್ಲಿ. ಅರ್ಧ ಶತಮಾನ ಕಳೆದರೂ ಅದರ ಹಾವಳಿ ತಗ್ಗಿಲ್ಲ. ‘ಕಾಂಗ್ರೆಸ್ ಗಿಡ’ ಎಂಬ ಹೆಸರಿನ ಸುತ್ತ ತಮಾಷೆಗಳು ಸಾಕಷ್ಟಿವೆ. ಅದರಿಂದ ಮೈ ತುರಿಕೆ, ಉಬ್ಬಸ ಅನುಭವಿಸಿದವರಿಗೆ ಅದು ತಮಾಷೆಯಲ್ಲ.

ರಸ್ತೆಬದಿಯ ಗಿಡಕ್ಕೆ ಸರ್ಕಾರವನ್ನು ದೂರಬಹುದು. ಬೆಲೆ ಏರಲೆಂದು ಕೊಂಡು ಬೀಳುಬಿಟ್ಟ ಖಾಸಗಿ ಜಮೀನುಗಳ ಮಾತೇನು? ಕೃಷಿಕರಲ್ಲದವರೂ ಜಮೀನು ಕೊಳ್ಳಲು 2020ರ ಭೂಸುಧಾರಣಾ ತಿದ್ದುಪಡಿ ಹಾದಿ ತೆರೆದ ಮೇಲೆ ಈ ಪ್ರಶ್ನೆ ಇನ್ನಷ್ಟು ಗಂಭೀರವಾಗಿದೆ. ನಗರವಾಸಿ ಒಡೆಯನಿಗೆ ಬೇಲಿ, ಪಹಣಿ ಭದ್ರವಾಗಿದ್ದರೆ ಸಾಕು. ಆದರೆ ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಗಾಳಿ, ನೀರಿಗೆ ಬೇಲಿಯ ಹಂಗಿಲ್ಲ. ಕಳೆ ಕೀಳಿಸುವ ಕೂಲಿ ತೆರುವವನು ಪಕ್ಕದ ರಾಗಿ ಹೊಲದ ರೈತ. ಇದು ಅನ್ಯಾಯ.

ನಿಯಂತ್ರಣಕ್ಕೆಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋ ಮೂಲದ ದುಂಬಿ ಮಳೆಗಾಲದಲ್ಲಿ ಎಲೆ ತಿನ್ನುತ್ತದೆ, ಒಣ ಋತುವಿನಲ್ಲಿ ಮಣ್ಣಿನೊಳಗೆ ನಿದ್ರಿಸುತ್ತದೆ. ಅದೊಂದನ್ನೇ ನೆಚ್ಚುವಂತಿಲ್ಲ. ಹೂ ಬಿಡುವ ಮುನ್ನ ಬೇರುಸಹಿತ ಕಿತ್ತು, ತೆರವಾದ ಜಾಗದಲ್ಲಿ ತಗಚೆಯಂಥ ಗಿಡ ಎಬ್ಬಿಸಬೇಕು. ಬರಿದಾಗಿ ಬಿಟ್ಟ ನೆಲವನ್ನು ಪಾರ್ಥೇನಿಯಂ ಮತ್ತೆ ಆಕ್ರಮಿಸುತ್ತದೆ.

ಒಡೆಯ ಮಾಡದಿದ್ದರೆ ತಾಲ್ಲೂಕು ಆಡಳಿತವೇ ಕೀಳಿಸಿ, ವೆಚ್ಚವನ್ನು ಕಂದಾಯ ಬಾಕಿಯಂತೆ ಆತನಿಂದ ವಸೂಲು ಮಾಡಲಿ. ಮಳೆ ಕೈಕೊಟ್ಟು ಹೊಲ ಬೀಳುಬಿಟ್ಟ ಸಣ್ಣ ರೈತನಿಗೆ ಈ ಬಿಗಿ ಬೇಡ. ಆತನಿಗೆ ಬೇಕಿರುವುದು ನೆರವು. ಮೊಳೆತ ಗಿಡ ಒಂದೆರಡು ತಿಂಗಳಲ್ಲೇ ಹೂ ಬಿಡುವುದರಿಂದ ನೋಟಿಸುಗಳು ಮುಂಗಾರಿನ ಆರಂಭದಲ್ಲೇ ಹೊರಡಬೇಕು.